ಬ್ರಾಂಡ್ ಉಡುಪಿನ ರಿಯಾಯಿತಿ ಮಳಿಗೆಗಳು: ಅರ್ಧ ಬೆಲೆ ಎಂದರೆ ಯಾವುದರ ಅರ್ಧ?

ಹೆಸರಾಂತ ಕಂಪನಿಗಳ ಸಿದ್ಧ ಉಡುಪುಗಳನ್ನು, ಅವುಗಳ ಮೇಲೆ ಮುದ್ರಿತವಾಗಿರುವ ಬೆಲೆಗಿಂತ ಕಡಿಮೆಗೆ ವರ್ಷವಿಡೀ ಮಾರುವ ಅಂಗಡಿಗಳನ್ನು ರಿಯಾಯಿತಿ ಮಳಿಗೆಗಳೆಂದು ಕರೆಯುವುದು ರೂಢಿ. ಫ್ಯಾಕ್ಟರಿ ಔಟ್‌ಲೆಟ್, ಎಕ್ಸ್‌ಪೋರ್ಟ್ ಸರ್‌ಪ್ಲಸ್, ಬ್ರಾಂಡ್ ಸೇಲ್ ಹೀಗೆ ಫಲಕದ ಮೇಲಿನ ಹೆಸರು ಏನೇ ಇರಲಿ, ಗ್ರಾಹಕರನ್ನು ಒಳಗೆ ಕರೆಯುವುದು ‘ಶೇ. 50 ರಿಯಾಯಿತಿ’ ಎಂಬ ಒಂದೇ ಸಾಲು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಮಾರತ್ತಹಳ್ಳಿಯ ಆಸುಪಾಸು ಇಂಥ ಮಳಿಗೆಗಳಿಂದಲೇ ಹೆಸರಾಯಿತು. ವಾರಾಂತ್ಯದಲ್ಲಿ ದೂರದ ಬಡಾವಣೆಗಳಿಂದ ಮಾತ್ರವಲ್ಲ, ಕೋಲಾರ, ಹೊಸೂರುಗಳಿಂದಲೂ ಸಂಸಾರ ಸಮೇತರಾಗಿ ಬಂದು ವರ್ಷದ ಬಟ್ಟೆಯನ್ನು ಒಮ್ಮೆಲೇ ಕೊಂಡೊಯ್ಯುವವರುಂಟು.

ಎರಡು ಸಾವಿರ ರೂಪಾಯಿಯ ಅಂಗಿ ಒಂದು ಸಾವಿರಕ್ಕೆ ಸಿಕ್ಕಿತೆಂದರೆ ಒಂದು ಸಾವಿರ ಉಳಿಯಿತು ಎಂಬುದು ಮನೆಮನೆಯ ಲೆಕ್ಕ. ಈ ಲೆಕ್ಕ ಸರಿಯಾಗಬೇಕಾದರೆ ಆ ಅಂಗಿಯನ್ನು ಯಾರಾದರೂ, ಎಲ್ಲಿಯಾದರೂ ಎರಡು ಸಾವಿರ ಕೊಟ್ಟು ಕೊಂಡಿರಬೇಕು. ಎಲ್ಲ ಅಂಗಿಗಳ ವಿಷಯದಲ್ಲಿ ಇದು ನಿಜವಲ್ಲ. ಒಂದೇ ಸಾಲಿನಲ್ಲಿ ತೂಗುಹಾಕಿರುವ ಹತ್ತು ಅಂಗಿಗಳು ಹತ್ತು ಬೇರೆ ಬೇರೆ ದಾರಿಗಳಿಂದ ಅಲ್ಲಿಗೆ ಬಂದಿರಬಹುದು. ಬೆಲೆ ಇಳಿದುದರ ಕಾರಣವೂ ಆ ದಾರಿಯನ್ನು ಅವಲಂಬಿಸಿರುತ್ತದೆ.

ಕಟ್‌ಪೀಸಿನಿಂದ ಬ್ರಾಂಡಿನವರೆಗೆ

ಕಡಿಮೆ ಬೆಲೆಗೆ ಒಳ್ಳೆಯ ಬಟ್ಟೆ ಎಂಬ ಆಸೆ ಹೊಸದೇನಲ್ಲ. ಗಿರಣಿಗಳ ಕಾಲದಲ್ಲಿ ಥಾನಿನ ಕೊನೆಗೆ ಉಳಿದ ತುಂಡುಗಳನ್ನು ಮಾರುವ ‘ಕಟ್‌ಪೀಸ್ ಸೆಂಟರ್’ ಪ್ರತಿ ಊರಿನ ಪೇಟೆಬೀದಿಯಲ್ಲಿ ಇರುತ್ತಿತ್ತು. ಗಾಂಧಿ ಜಯಂತಿಗೆ ಖಾದಿ ಭಂಡಾರದ ರಿಬೇಟು, ಮದುವೆಗಳಿಲ್ಲದ ಆಷಾಢದಲ್ಲಿ ಸೀರೆ ಅಂಗಡಿಗಳ ರಿಯಾಯಿತಿ ಕನ್ನಡಿಗರಿಗೆ ಪರಿಚಿತವೇ. ಇವೆಲ್ಲದರಲ್ಲಿ ಬೆಲೆ ಇಳಿದುದಕ್ಕೆ ಕಾರಣ ಕಣ್ಣಿಗೆ ಕಾಣುತ್ತಿತ್ತು. ತುಂಡು ಚಿಕ್ಕದು, ಸರ್ಕಾರದ ನೆರವಿದೆ, ಇಲ್ಲವೇ ವ್ಯಾಪಾರವಿಲ್ಲದ ತಿಂಗಳು.

ಬ್ರಾಂಡ್ ಉಡುಪಿನಲ್ಲಿ ಕಾರಣ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಹಾಗೆಂದು ಕಾಣುವಂತೆ ಮಾಡುವುದು ಅಸಾಧ್ಯವೂ ಅಲ್ಲ. ಅಮೆರಿಕದ ಬೋಸ್ಟನ್ ನಗರದಲ್ಲಿ ವ್ಯಾಪಾರಿ ಎಡ್ವರ್ಡ್ ಫಿಲೀನ್ 1909ರಲ್ಲಿ ತನ್ನ ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲಿ ಒಂದು ವಿಭಾಗ ತೆರೆದರು. ಪ್ರತಿ ಉಡುಪಿನ ಚೀಟಿಯ ಮೇಲೆ ಅದು ಮಾರಾಟಕ್ಕೆ ಬಂದ ದಿನಾಂಕ ಇರುತ್ತಿತ್ತು. ಹನ್ನೆರಡು ವ್ಯಾಪಾರದ ದಿನ ಕಳೆದರೆ ಬೆಲೆ ಶೇ. 25ರಷ್ಟು ಇಳಿಯುತ್ತಿತ್ತು. ಮತ್ತೆ ಆರು ದಿನ ಕಳೆದರೆ ಶೇ. 50, ಇನ್ನೂ ಆರು ದಿನಕ್ಕೆ ಶೇ. 75. ಆ ಮೇಲೂ ಆರು ದಿನ ಉಳಿದ ಮಾಲು ಧರ್ಮಸಂಸ್ಥೆಗಳಿಗೆ ಹೋಗುತ್ತಿತ್ತು. ಇಲ್ಲಿ ಚೌಕಾಶಿಗೆ ಎಡೆಯಿಲ್ಲ, ಗುಟ್ಟೂ ಇಲ್ಲ. ಕಾದರೆ ಅಗ್ಗ, ಕಾದರೆ ಬೇರೆಯವರ ಪಾಲು, ಅಷ್ಟೇ. (ಇದೇ ಫಿಲೀನ್ 1907ರಲ್ಲಿ ಭಾರತಕ್ಕೆ ಬಂದು ಹಳ್ಳಿಗಳ ಸಹಕಾರಿ ಪತ್ತಿನ ಸಂಘಗಳನ್ನು ನೋಡಿ, ತಮ್ಮ ದೇಶದಲ್ಲಿ ಅಂಥವುಗಳಿಗಾಗಿ ದುಡಿದವರು.) ಬೋಸ್ಟನ್ನಿನ ಆ ನೆಲಮಾಳಿಗೆ 2007ರಲ್ಲಿ ಮುಚ್ಚಿತು. ಚೀಟಿಯಲ್ಲಿ ದಿನಾಂಕ ಬರೆಯುವ ಆ ಪದ್ಧತಿ ರಿಯಾಯಿತಿ ವ್ಯಾಪಾರದಲ್ಲಿ ಸಾರ್ವತ್ರಿಕವಾಗಲಿಲ್ಲ ಎಂಬುದು ಗಮನಾರ್ಹ.

‘ಫ್ಯಾಕ್ಟರಿ ಔಟ್‌ಲೆಟ್’ ಎಂಬ ಹೆಸರಿಗೆ ಬೇರೆ ಮೂಲವಿದೆ. ಕಾರ್ಖಾನೆಗಳು ತಮ್ಮ ಕೆಲಸಗಾರರಿಗೆಂದು ಅಂಗಳದಲ್ಲೇ ಹೆಚ್ಚುವರಿ ಮಾಲನ್ನು ಮಾರುತ್ತಿದ್ದವು. ಅದನ್ನು ಊರವರಿಗೂ ತೆರೆದಾಗ ಅದೇ ಒಂದು ವ್ಯಾಪಾರವಾಯಿತು. ಪೆನ್ಸಿಲ್ವೇನಿಯಾದ ರೆಡಿಂಗ್ ಎಂಬ ಊರಿನಲ್ಲಿ ವಿ.ಎಫ್. ಕಂಪನಿ 1970ರಲ್ಲಿ ಹಳೆಯ ಹೆಣಿಗೆ ಗಿರಣಿಯ ಕಟ್ಟಡದಲ್ಲಿ ತೆರೆದ ಮಳಿಗೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಇಂದು ಈ ಹೆಸರು ಹೊತ್ತ ಬಹುತೇಕ ಅಂಗಡಿಗಳ ಹಿಂದೆ ಯಾವ ಫ್ಯಾಕ್ಟರಿಯೂ ಇರುವುದಿಲ್ಲ. ಹೆಸರು ಮಾತ್ರ ಉಳಿದಿದೆ.

ಬೆಂಗಳೂರೇ ಏಕೆ?

ಬೆಂಗಳೂರಿನಲ್ಲಿ ಈ ವ್ಯಾಪಾರ ಬೇರೂರಲು ಎರಡು ಕಾರಣಗಳಿವೆ. ಭಾರತದ ಹಲವು ದೊಡ್ಡ ಉಡುಪು ಬ್ರಾಂಡುಗಳ ಕೇಂದ್ರ ಕಚೇರಿ ಇರುವುದು ಇಲ್ಲಿ. ಮಧುರಾ ಗಾರ್ಮೆಂಟ್ಸ್ 1989ರಲ್ಲಿ ಲೂಯಿ ಫಿಲಿಪ್, 1990ರಲ್ಲಿ ವ್ಯಾನ್ ಹ್ಯೂಸೆನ್, 1993ರಲ್ಲಿ ಅಲೆನ್ ಸೋಲಿ, 1997ರಲ್ಲಿ ಪೀಟರ್ ಇಂಗ್ಲೆಂಡ್ ಅಂಗಿಗಳನ್ನು ದೇಶದ ಮಾರುಕಟ್ಟೆಗೆ ತಂದಿತು. ಬಳಿಕ ಆ ಕಂಪನಿ ಆದಿತ್ಯ ಬಿರ್ಲಾ ಸಮೂಹದ ಪಾಲಾಯಿತು. ಅರವಿಂದ್ ಸಮೂಹದ ಬ್ರಾಂಡ್ ವಹಿವಾಟಿಗೂ ಬೆಂಗಳೂರೇ ನೆಲೆ. ದರ್ಜಿಯ ಬಳಿ ಅಳತೆ ಕೊಟ್ಟು ಹೊಲಿಸಿಕೊಳ್ಳುತ್ತಿದ್ದ ಮಧ್ಯಮ ವರ್ಗ ಸಿದ್ಧ ಅಂಗಿಗೆ ಒಗ್ಗಿಕೊಂಡದ್ದು ಈ ವರ್ಷಗಳಲ್ಲೇ.

ಎರಡನೆಯ ಕಾರಣ ರಫ್ತು ಕಾರ್ಖಾನೆಗಳು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳಲ್ಲಿ ಆರಂಭವಾಗಿ ದೊಡ್ಡಬಳ್ಳಾಪುರ, ರಾಮನಗರ, ಮಂಡ್ಯದ ಕಡೆಗೂ ಹಬ್ಬಿದ ಗಾರ್ಮೆಂಟ್ಸ್ ಕಾರ್ಖಾನೆಗಳು ಅಮೆರಿಕ, ಯೂರೋಪಿನ ಕಂಪನಿಗಳಿಗಾಗಿ ಹೊಲಿಯುತ್ತವೆ. ಯಾವ ದೇಶ ಎಷ್ಟು ಉಡುಪು ಕಳುಹಿಸಬಹುದೆಂದು ಮಿತಿ ಹಾಕಿದ್ದ ಅಂತಾರಾಷ್ಟ್ರೀಯ ಕೋಟಾ ಪದ್ಧತಿ 2005ರ ಜನವರಿ 1ರಂದು ಕೊನೆಗೊಂಡಿತು. ಸರಿಸುಮಾರು ಅದೇ ಕಾಲಕ್ಕೆ ರಿಯಾಯಿತಿ ವ್ಯಾಪಾರಕ್ಕೆ ದೊಡ್ಡ ಬಂಡವಾಳವೂ ಇಳಿಯಿತು. ಅರವಿಂದ್‌ನ ಮೆಗಾಮಾರ್ಟ್, ಫ್ಯೂಚರ್ ಸಮೂಹದ ಬ್ರಾಂಡ್ ಫ್ಯಾಕ್ಟರಿ ಆ ದಶಕದ ಪರಿಚಿತ ಹೆಸರುಗಳು. ಎರಡೂ ಈಗ ಹಳೆಯ ರೂಪದಲ್ಲಿ ಉಳಿದಿಲ್ಲ. ಮೆಗಾಮಾರ್ಟ್ ಮುಂದೆ ‘ಅನ್‌ಲಿಮಿಟೆಡ್’ ಆಗಿ, 2021ರಲ್ಲಿ ವಿ-ಮಾರ್ಟ್ ಕೈಸೇರಿತು. ಸಾಲದಲ್ಲಿ ಮುಳುಗಿದ ಫ್ಯೂಚರ್ ಸಮೂಹದ ಹಲವು ಮಳಿಗೆಗಳನ್ನು 2022ರಲ್ಲಿ ರಿಲಯನ್ಸ್ ವಹಿಸಿಕೊಂಡಿತು. ಅಗ್ಗದ ಬೆಲೆಗೆ ಮಾರಿ ಲಾಭ ಗಳಿಸುವುದು ಹೊರಗಿನಿಂದ ಕಾಣುವಷ್ಟು ಸುಲಭದ ಕಸುಬಲ್ಲ.

ರಫ್ತಿನ ಹೆಚ್ಚುವರಿ ಮಾಲು

ಎಕ್ಸ್‌ಪೋರ್ಟ್ ಸರ್‌ಪ್ಲಸ್ ಎಂದರೆ ವಿದೇಶಕ್ಕೆಂದು ಹೊಲಿದು, ಅಲ್ಲಿಗೆ ಹೋಗದೆ ಉಳಿದದ್ದು. ಅದು ಉಳಿಯುವ ಬಗೆ ತಿಳಿದರೆ ಮಾಲಿನ ಯೋಗ್ಯತೆಯನ್ನು ಅಳೆಯುವುದು ಸುಲಭ.

ಹತ್ತು ಸಾವಿರ ಅಂಗಿಗಳಿಗೆ ಬೇಡಿಕೆ ಬಂದರೆ ಕಾರ್ಖಾನೆ ಸರಿಯಾಗಿ ಹತ್ತು ಸಾವಿರವನ್ನೇ ಕತ್ತರಿಸುವುದಿಲ್ಲ. ಬಣ್ಣ ವ್ಯತ್ಯಾಸವಾಗುವುದು, ಹೊಲಿಗೆಯಲ್ಲಿ ಕೆಡುವುದು, ಕಲೆ ಬೀಳುವುದು ಇದ್ದೇ ಇರುತ್ತದೆಂದು ನೂರಕ್ಕೆ ಎರಡು, ಮೂರು, ಕೆಲವೊಮ್ಮೆ ಐದರಷ್ಟು ಹೆಚ್ಚಿಗೆ ಕತ್ತರಿಸುತ್ತದೆ. ಕೆಲಸ ಚೆನ್ನಾಗಿ ನಡೆದು ಕಡಿಮೆ ಕೆಟ್ಟರೆ ಅಷ್ಟೂ ಅಂಗಿಗಳು ಉಳಿಯುತ್ತವೆ. ಇವು ವಿದೇಶಕ್ಕೆ ಹೋದ ಅಂಗಿಗಳಿಗೆ ಯಾವುದರಲ್ಲೂ ಕಡಿಮೆಯಲ್ಲ. ನಿಜವಾದ ಹೆಚ್ಚುವರಿ ಮಾಲು ಎಂದರೆ ಇದೇ. ಆದರೆ ಇದರ ಪ್ರಮಾಣ ಸ್ವಲ್ಪ, ಅಳತೆಗಳೂ ಚದುರಿದವು. ಬೇಕಾದ ಬಣ್ಣ ಸಿಕ್ಕರೆ ಅಳತೆ ಸಿಗುವುದಿಲ್ಲ, ಅಳತೆ ಸಿಕ್ಕರೆ ತೋಳು ಮೊಣಕೈಗಿಂತ ಕೆಳಗಿಳಿದು ಅಂಗೈ ಮುಚ್ಚುತ್ತದೆ.

ಇನ್ನೊಂದು ಬಗೆ ತಪಾಸಣೆಯಲ್ಲಿ ಬಿದ್ದ ಮಾಲು. ಉಡುಪು ರವಾನೆಯಾಗುವ ಮುನ್ನ ಖರೀದಿದಾರ ಕಂಪನಿಯ ಪರೀಕ್ಷಕರು ಮಾದರಿ ತೆಗೆದು ನೋಡುತ್ತಾರೆ. ಇದಕ್ಕೆ ಬಳಸುವ ಕೋಷ್ಟಕದ ಬೇರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ತನ್ನ ಸಾಮಗ್ರಿಯ ಪರೀಕ್ಷೆಗೆ ರೂಪಿಸಿಕೊಂಡ ವಿಧಾನದಲ್ಲಿದೆ. ಮೂರು ಸಾವಿರ ಅಂಗಿಗಳ ರವಾನೆ ಇದೆ ಎನ್ನೋಣ. ಸಾಮಾನ್ಯ ತಪಾಸಣೆಯ ಕೋಷ್ಟಕದಂತೆ ಪರೀಕ್ಷಕರು 125 ಅಂಗಿಗಳನ್ನು ಆರಿಸುತ್ತಾರೆ. ಗುಣಮಟ್ಟದ ಅಂಕ 2.5 ಎಂದು ಒಪ್ಪಂದವಾಗಿದ್ದರೆ, ಆ 125ರಲ್ಲಿ ದೋಷವುಳ್ಳವು 7ರವರೆಗೆ ಇದ್ದರೂ ಇಡೀ ರವಾನೆ ತೇರ್ಗಡೆ. ಅದೇ 8 ಆದರೆ ಇಡೀ ರವಾನೆ ತಿರಸ್ಕೃತ. ಆಗ ಕಾರ್ಖಾನೆ ಮೂರು ಸಾವಿರವನ್ನೂ ಮರುಪರೀಕ್ಷಿಸಿ, ಸರಿಪಡಿಸಿ ಮತ್ತೆ ಒಡ್ಡಬೇಕು. ಹಡಗಿನ ದಿನ ತಪ್ಪಿತೆಂದರೆ ವಿಮಾನದ ಬಾಡಿಗೆ ತೆರಬೇಕು, ಇಲ್ಲವೇ ಬೆಲೆ ತಗ್ಗಿಸಬೇಕು, ಅದೂ ಒಲ್ಲದಿದ್ದರೆ ಮಾಲು ಇಲ್ಲೇ ಉಳಿಯುತ್ತದೆ. ಹೀಗೆ ತಿರಸ್ಕೃತವಾದ ರಾಶಿಯಲ್ಲಿ ಬಹುಪಾಲು ಅಂಗಿಗಳು ನಿರ್ದೋಷಿಯಾಗಿರುತ್ತವೆ. ಒಂದೇ ಬುಟ್ಟಿಯಲ್ಲಿ ಅತ್ಯುತ್ತಮವೂ ಅಧ್ವಾನವೂ ಜೊತೆಯಾಗಿ ಸಿಗುವುದರ ಗುಟ್ಟು ಇದು.

ಮೂರನೆಯದು, ಬೇಡಿಕೆಯೇ ರದ್ದಾದ ಮಾಲು. ಈ ಬಗೆಯ ಅಗ್ಗದ ಹಿಂದೆ ಬೇರೆಯವರ ನಷ್ಟವಿದೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ವಿದೇಶದ ಅಂಗಡಿಗಳು ಮುಚ್ಚಿದಾಗ, ಹೊಲಿದು ಮುಗಿಸಿದ ಉಡುಪುಗಳನ್ನೂ ಕಂಪನಿಗಳು ಬೇಡವೆಂದವು. ಬಾಂಗ್ಲಾದೇಶವೊಂದರಲ್ಲೇ 300 ಕೋಟಿ ಡಾಲರಿಗೂ ಮಿಕ್ಕಿದ ಬೇಡಿಕೆ ರದ್ದಾಯಿತು ಅಥವಾ ತಡೆಹಿಡಿಯಲ್ಪಟ್ಟಿತೆಂದು ಅಲ್ಲಿನ ತಯಾರಕರ ಸಂಘ ಲೆಕ್ಕ ಕೊಟ್ಟಿತು. ಕರ್ನಾಟಕದಲ್ಲಿ ಶ್ರೀರಂಗಪಟ್ಟಣದ ರಫ್ತು ಉಡುಪು ಘಟಕವೊಂದು 2020ರ ಜೂನ್‌ನಲ್ಲಿ ಕೆಲಸ ನಿಲ್ಲಿಸಿತು. ಸಾವಿರದ ಇನ್ನೂರಕ್ಕೂ ಹೆಚ್ಚು ಮಂದಿ, ಅವರಲ್ಲಿ ಹೆಚ್ಚಿನವರು ಮಹಿಳೆಯರು, ಗೇಟಿನ ಬಳಿ ದಿನಗಟ್ಟಲೆ ಧರಣಿ ಕುಳಿತರು. ಬಟ್ಟೆ, ಗುಂಡಿ, ನೂಲು, ಕೂಲಿ ಎಲ್ಲಕ್ಕೂ ಕಾರ್ಖಾನೆ ಮೊದಲೇ ಹಣ ಹಾಕಿರುತ್ತದೆ. ಖರೀದಿದಾರ ಕೈಬಿಟ್ಟ ಕೂಡಲೇ ಆ ಭಾರ ಕೆಳಕ್ಕೆ ಇಳಿಯುತ್ತದೆ. ಲಾಟಿನ ಲೆಕ್ಕದಲ್ಲಿ, ಕೆಲವೊಮ್ಮೆ ಕಿಲೋ ಲೆಕ್ಕದಲ್ಲಿ, ದಲ್ಲಾಳಿಗೆ ಮಾರಿಬಿಡುವುದು ಆಗ ಉಳಿಯುವ ದಾರಿ. ತಿರುಪ್ಪೂರಿನ ಖಾದರ್‌ಪೇಟೆ ಇಂಥ ಹೆಣೆದ ಉಡುಪುಗಳ ದೊಡ್ಡ ಸಗಟು ಪೇಟೆ. ಬೆಂಗಳೂರಿನ ಎಷ್ಟೋ ಸಣ್ಣ ಅಂಗಡಿಗಳಿಗೂ ಟೀ-ಶರ್ಟು ಬರುವುದು ಅಲ್ಲಿಂದ.

ಹೆಚ್ಚುವರಿ ಮಾಲಿನ ಕಾಲರಿನೊಳಗಿನ ಚೀಟಿ ಕತ್ತರಿಸಿರುವುದನ್ನೋ, ಅದರ ಮೇಲೆ ಮಸಿಯಿಂದ ಗೀಟು ಎಳೆದಿರುವುದನ್ನೋ ಗ್ರಾಹಕರು ಕಂಡಿರುತ್ತಾರೆ. ತಮ್ಮ ಹೆಸರಿನ ಉಡುಪು ಅಡ್ಡದಾರಿಯಲ್ಲಿ ಪೇಟೆಗೆ ಬರಬಾರದೆಂದು ಬ್ರಾಂಡುಗಳು ಕಾರ್ಖಾನೆಗಳಿಗೆ ಹಾಕುವ ಷರತ್ತಿನ ಫಲ ಅದು. ವಿಚಿತ್ರವೆಂದರೆ, ಚೀಟಿ ಕತ್ತರಿಸಿದ ಅಂಗಿ ಅಸಲಿಯಾಗಿರುವ ಸಾಧ್ಯತೆಯೇ ಹೆಚ್ಚು. ಹೊಳೆಯುವ ಚೀಟಿಯೊಡನೆ ಪಾದಚಾರಿ ಮಾರ್ಗದಲ್ಲಿ ಮುನ್ನೂರು ರೂಪಾಯಿಗೆ ಸಿಗುವ ವಿದೇಶೀ ಬ್ರಾಂಡಿನ ಅಂಗಿ ಬಹುಮಟ್ಟಿಗೆ ನಕಲಿ. ಸುಳ್ಳು ವ್ಯಾಪಾರ ಚಿಹ್ನೆ ಹಾಕಿ ಮಾರುವವರಿಗೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ.

ಉಳಿಕೆ, ಸೆಕೆಂಡ್ಸ್, ಮತ್ತು ರಿಯಾಯಿತಿಗೆಂದೇ ಹೊಲಿದದ್ದು

ದೇಶೀ ಬ್ರಾಂಡುಗಳ ಅಂಗಿ ಮೊದಲು ಕಂಪನಿಯ ಸ್ವಂತ ಮಳಿಗೆಗೆ, ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರುಗಳಿಗೆ ಹೋಗುತ್ತದೆ. ಅನೇಕ ಸ್ಟೋರುಗಳು ಮಾರಾಟವಾಗದ್ದನ್ನು ಹಿಂದಿರುಗಿಸುವ ಷರತ್ತಿನ ಮೇಲೇ ಮಾಲು ಇಟ್ಟುಕೊಳ್ಳುತ್ತವೆ. ಋತುವಿನ ಕೊನೆಗೆ, ಎಂದರೆ ಸಾಮಾನ್ಯವಾಗಿ ಜುಲೈ ಮತ್ತು ಜನವರಿಯ ಸುಮಾರಿಗೆ, ಸೇಲ್ ನಡೆಯುತ್ತದೆ. ಅದರಲ್ಲೂ ಉಳಿದದ್ದು ಕಂಪನಿಯ ಗೋದಾಮಿಗೆ ಮರಳಿ, ಅಲ್ಲಿಂದ ರಿಯಾಯಿತಿ ಮಳಿಗೆಗೆ ಬರುತ್ತದೆ. ಈ ಮಾಲಿನ ಬೆಲೆ ಇಳಿದದ್ದಕ್ಕೆ ವಯಸ್ಸು ಕಾರಣವೇ ಹೊರತು ದೋಷವಲ್ಲ. ಒಂದು ಕಾಲದಲ್ಲಿ ಪೂರ್ಣ ಬೆಲೆಗೆ ಮಾರಾಟಕ್ಕಿದ್ದ ಅಂಗಿ ಇದು. ಚೀಟಿಯ ಮೇಲಿನ ಎರಡು ಸಾವಿರಕ್ಕೆ ಇಲ್ಲಿ ಅರ್ಥವಿದೆ.

ಸೆಕೆಂಡ್ಸ್ ಎಂಬುದು ಸಣ್ಣ ದೋಷವಿರುವ ಮಾಲು. ಎರಡು ಭಾಗಗಳ ಬಣ್ಣದಲ್ಲಿ ಛಾಯೆಯ ವ್ಯತ್ಯಾಸ, ಜಾರಿದ ಹೊಲಿಗೆ, ನೇಯ್ಗೆಯಲ್ಲಿ ಗಂಟು, ಸೊಟ್ಟಗಾದ ಗುಂಡಿಮನೆ. ದೋಷವನ್ನು ಹೇಳಿ ಮಾರಿದರೆ ತಪ್ಪೇನೂ ಇಲ್ಲ. ಹೇಳದೆ ಮಾರುವುದೇ ಹೆಚ್ಚು.

ಇವೆರಡಕ್ಕಿಂತ ಜಾಣತನದ್ದು ನಾಲ್ಕನೆಯ ಬಗೆ. ರಿಯಾಯಿತಿ ಮಳಿಗೆಗೆ ಬೇಕಾದಷ್ಟು ಉಳಿಕೆ ಮಾಲು ಎಲ್ಲ ಕಾಲದಲ್ಲೂ ಸಿಗುವುದಿಲ್ಲ. ಅಂಗಡಿಯ ಬಾಡಿಗೆಯೋ ತಿಂಗಳು ತಿಂಗಳೂ ಬರುತ್ತದೆ. ಆದ್ದರಿಂದ ಕಂಪನಿಗಳು ಆ ಮಳಿಗೆಗಳಿಗೆಂದೇ ಬೇರೆ ಉಡುಪು ಹೊಲಿಸುತ್ತವೆ. ಬಟ್ಟೆ ತುಸು ತೆಳು, ಹೊಲಿಗೆ ತುಸು ವಿರಳ, ಜೇಬು ಒಂದು ಕಡಿಮೆ, ಬ್ರಾಂಡಿನ ಹೆಸರು ಮಾತ್ರ ಅದೇ. ಅದರ ಚೀಟಿಯಲ್ಲೂ ಎರಡು ಸಾವಿರ ಎಂದೇ ಅಚ್ಚಾಗಿರುತ್ತದೆ, ಮೇಲೆ ‘ಶೇ. 50’ ಫಲಕ. ಆ ಅಂಗಿ ಎರಡು ಸಾವಿರಕ್ಕೆ ಎಲ್ಲೂ, ಎಂದೂ ಮಾರಾಟಕ್ಕೆ ಇದ್ದದ್ದೇ ಇಲ್ಲ. ಅದು ಹುಟ್ಟಿನಿಂದಲೇ ಒಂದು ಸಾವಿರದ ಅಂಗಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಅಮೆರಿಕದಲ್ಲಿ ಈ ಪದ್ಧತಿ ಎಷ್ಟು ಬೆಳೆದಿತ್ತೆಂದರೆ, 2014ರ ಜನವರಿಯಲ್ಲಿ ಅಲ್ಲಿನ ಸಂಸತ್ತಿನ ನಾಲ್ವರು ಸದಸ್ಯರು ಇದನ್ನು ತನಿಖೆ ಮಾಡಬೇಕೆಂದು ಫೆಡರಲ್ ಟ್ರೇಡ್ ಕಮಿಷನ್‌ಗೆ ಪತ್ರ ಬರೆದರು.

ಈ ಬಗೆಯನ್ನು ಗುರುತಿಸಲು ಒಂದು ಸರಳ ಉಪಾಯವಿದೆ. ಉಳಿಕೆ ಮಾಲು ಎಂದೂ ಪೂರ್ಣವಾಗಿರುವುದಿಲ್ಲ. ಜನರಿಗೆ ಹೆಚ್ಚಾಗಿ ಬೇಕಾದ ಅಳತೆಗಳು ಮೊದಲೇ ಖರ್ಚಾಗಿರುತ್ತವೆ, ತೀರಾ ಚಿಕ್ಕವು ಮತ್ತು ತೀರಾ ದೊಡ್ಡವು ಉಳಿದಿರುತ್ತವೆ. ಒಂದೇ ವಿನ್ಯಾಸ, ಐದು ಬಣ್ಣ, ಎಲ್ಲ ಅಳತೆಗಳೂ ಅಟ್ಟಿಯಾಗಿ ಜೋಡಿಸಿಟ್ಟಿದ್ದರೆ ಅದು ಉಳಿದದ್ದಲ್ಲ, ಅಲ್ಲಿಗೆಂದೇ ಬಂದದ್ದು. ಹಾಗೆಂದ ಮಾತ್ರಕ್ಕೆ ಕೊಳ್ಳಬಾರದೆಂದಲ್ಲ. ಸಾವಿರ ರೂಪಾಯಿಗೆ ಆ ಬಟ್ಟೆ, ಆ ಹೊಲಿಗೆ ತಕ್ಕದ್ದೆನಿಸಿದರೆ ಕೊಳ್ಳಬಹುದು. ಸಾವಿರ ಉಳಿಸಿದೆವೆಂದು ಮಾತ್ರ ಭಾವಿಸಬೇಕಾಗಿಲ್ಲ.

ಎಂ.ಆರ್.ಪಿ. ಎಂಬ ಮೇಲ್ಮಿತಿ

ಗರಿಷ್ಠ ಮಾರಾಟ ಬೆಲೆಯನ್ನು ಸರ್ಕಾರ ನಿಗದಿ ಮಾಡುತ್ತದೆಂದು ನಂಬಿರುವವರು ಕಡಿಮೆಯಿಲ್ಲ. ಉಡುಪಿನ ವಿಷಯದಲ್ಲಿ ಅದು ನಿಜವಲ್ಲ. ಎಲ್ಲ ತೆರಿಗೆ ಸೇರಿಸಿ ಬೆಲೆ ಮುದ್ರಿಸಬೇಕೆಂಬ ನಿಯಮ ಬಂದದ್ದು 1990ರ ಸುಮಾರಿಗೆ. ಈಗ ಅದು 2011ರ ಕಾನೂನು ಮಾಪನ (ಪೊಟ್ಟಣದ ಸರಕುಗಳು) ನಿಯಮಗಳಲ್ಲಿ ಸೇರಿದೆ. ಮುದ್ರಿತ ಬೆಲೆಗಿಂತ ಹೆಚ್ಚು ವಸೂಲು ಮಾಡಬಾರದು ಎಂಬಷ್ಟೇ ಅದರ ಕಟ್ಟಳೆ. ಎಷ್ಟು ಮುದ್ರಿಸಬೇಕೆಂಬುದು ಕಂಪನಿಯ ಇಚ್ಛೆ. ಗ್ರಾಹಕನನ್ನು ಸುಲಿಗೆಯಿಂದ ಕಾಯಲೆಂದು ಕಟ್ಟಿದ ಗೋಡೆ, ರಿಯಾಯಿತಿ ವ್ಯಾಪಾರದ ಕೈಯಲ್ಲಿ ಏಣಿಯಾಗಿ ಬದಲಾಯಿತು. ಎತ್ತರದಲ್ಲೊಂದು ಅಂಕಿ ಬರೆದು ಅಲ್ಲಿಂದ ಇಳಿದು ತೋರಿಸುವುದಕ್ಕೆ ಅಡ್ಡಿಯೇ ಇಲ್ಲ.

ಬೇರೆ ದೇಶಗಳಲ್ಲಿ ಇದಕ್ಕೆ ಕಡಿವಾಣ ಹಾಕುವ ಯತ್ನಗಳು ನಡೆದಿವೆ. ಹಿಂದಿನ ಬೆಲೆ ಎಂದು ಹೇಳುವುದಾದರೆ ಆ ಬೆಲೆಗೆ ಸಾಕಷ್ಟು ಕಾಲ ಪ್ರಾಮಾಣಿಕವಾಗಿ ಮಾರಾಟಕ್ಕೆ ಇಟ್ಟಿರಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1964ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಯೂರೋಪ್ ಒಕ್ಕೂಟ ಇನ್ನೂ ಖಚಿತವಾದ ಅಳತೆಗೋಲು ಹಿಡಿದಿದೆ. 2022ರ ಮೇ 28ರಿಂದ ಅಲ್ಲಿ ಬೆಲೆ ಇಳಿಸಿದೆವೆಂದು ಸಾರುವ ಅಂಗಡಿ, ಹಿಂದಿನ 30 ದಿನಗಳಲ್ಲಿ ತಾನು ಅದನ್ನು ಮಾರಿದ ಅತಿ ಕಡಿಮೆ ಬೆಲೆಯನ್ನೇ ಹೋಲಿಕೆಗೆ ತೋರಿಸಬೇಕು. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ, ಸರಕು ಸಾಮಾನ್ಯವಾಗಿ ಯಾವ ಬೆಲೆಗೆ ಮಾರಾಟವಾಗುತ್ತಿತ್ತು ಎಂಬ ಬಗ್ಗೆ ಜನರ ದಾರಿ ತಪ್ಪಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಆದರೆ 30 ದಿನ ಎಂಬಂಥ ಲೆಕ್ಕ ಅದರಲ್ಲಿಲ್ಲ. ಹೋಲಿಕೆಗೆ ಎಂ.ಆರ್.ಪಿ. ಕೈಗೆ ಸಿಕ್ಕುವಂತೆ ಇರುವಾಗ ವ್ಯಾಪಾರಿಗೆ ಬೇರೆ ಹಿಂದಿನ ಬೆಲೆಯ ಅಗತ್ಯವೇ ಬೀಳುವುದಿಲ್ಲ. ಅಂಥದೊಂದು ಅಳತೆ ಇಲ್ಲಿಯೂ ಬೇಕು.

ಈ ಆಟಕ್ಕೆ ಗ್ರಾಹಕರ ಪಾಲೂ ಇದೆ. ಅಮೆರಿಕದ ಜೆ.ಸಿ. ಪೆನ್ನಿ ಎಂಬ ಹಳೆಯ ಅಂಗಡಿ ಸರಣಿ 2012ರ ಫೆಬ್ರವರಿಯಲ್ಲಿ ಕೂಪನ್, ಸೇಲ್ ಎಲ್ಲವನ್ನೂ ಕೈಬಿಟ್ಟು, ದಿನವೂ ಒಂದೇ ಕಡಿಮೆ ಬೆಲೆ ಎಂದು ಸಾರಿತು. ಆ ವರ್ಷ ಅದರ ಮಾರಾಟ ಕಾಲು ಭಾಗದಷ್ಟು ಕುಸಿಯಿತು. ಯೋಜನೆಯ ರೂವಾರಿಯಾದ ಮುಖ್ಯಸ್ಥ ರಾನ್ ಜಾನ್ಸನ್ 2013ರ ಏಪ್ರಿಲ್‌ನಲ್ಲಿ ಹುದ್ದೆ ಕಳೆದುಕೊಂಡರು, ಸೇಲ್ ಮರಳಿತು. ಅಂತರ್ಜಾಲದ ಅಂಗಡಿಗಳೂ ಈ ದಾರಿ ಹಿಡಿದವು. ಬೆಂಗಳೂರಿನ ಫ್ಲಿಪ್‌ಕಾರ್ಟ್ 2014ರ ಅಕ್ಟೋಬರ್ 6ರಂದು ನಡೆಸಿದ ಮೊದಲ ‘ಬಿಗ್ ಬಿಲಿಯನ್ ಡೇ’ಯಲ್ಲಿ, ಕೆಲವು ವಸ್ತುಗಳ ಮೂಲ ಬೆಲೆಯನ್ನೇ ಹಿಗ್ಗಿಸಿ ರಿಯಾಯಿತಿ ತೋರಿಸಲಾಗಿದೆ ಎಂಬ ದೂರುಗಳು ಬಂದು, ಮರುದಿನ ಸಂಸ್ಥಾಪಕರು ಗ್ರಾಹಕರ ಕ್ಷಮೆ ಕೋರಿದರು.

ಇಷ್ಟೆಲ್ಲ ಇದ್ದರೂ ಕಂಪನಿಗಳು ಅಗ್ಗಕ್ಕೆ ಮಾರುವುದನ್ನು ಸಂತೋಷದಿಂದ ಮಾಡುತ್ತವೆಂದು ತಿಳಿಯಬಾರದು. ಹೆಸರಿನ ಮೇಲೆಯೇ ಬದುಕಿರುವ ಕೆಲವು ಬ್ರಾಂಡುಗಳಿಗೆ ಬೆಲೆ ಇಳಿಸುವುದಕ್ಕಿಂತ ಸುಟ್ಟುಹಾಕುವುದು ಮೇಲು. ಬ್ರಿಟನ್ನಿನ ಬರ್ಬೆರಿ ಒಂದೇ ವರ್ಷದಲ್ಲಿ 2.86 ಕೋಟಿ ಪೌಂಡ್ ಬೆಲೆಯ ಮಾಲನ್ನು ನಾಶ ಮಾಡಿದ್ದು 2018ರಲ್ಲಿ ಹೊರಬಿದ್ದು, ಟೀಕೆಗಳ ನಂತರ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಆ ಪದ್ಧತಿ ನಿಲ್ಲಿಸುವುದಾಗಿ ಕಂಪನಿ ಘೋಷಿಸಿತು. ಮಾರಾಟವಾಗದ ಉಡುಪಿನ ನಾಶವನ್ನು ಫ್ರಾನ್ಸ್ 2022ರಿಂದ ನಿಷೇಧಿಸಿದೆ. ಯೂರೋಪ್ ಒಕ್ಕೂಟದ ನಿಯಮ ದೊಡ್ಡ ಕಂಪನಿಗಳಿಗೆ 2026ರ ಜುಲೈ 19ನ್ನು ಜಾರಿಯ ದಿನವೆಂದು ಗೊತ್ತುಮಾಡಿದೆ. ಸುಡುವ ದಾರಿ ಮುಚ್ಚಿದಷ್ಟೂ ಮಾಲು ರಿಯಾಯಿತಿ ಪೇಟೆಯ ಕಡೆಗೇ ಹರಿಯಬೇಕಾಗುತ್ತದೆ.

ಚೀಟಿ ಮತ್ತು ಬಿಲ್ಲು

ಮಳಿಗೆಯಲ್ಲಿ ಮೊದಲು ನೋಡಬೇಕಾದ್ದು ಬೆಲೆಯ ಚೀಟಿ. ಒಂದರ ಮೇಲೊಂದು ಚೀಟಿ ಅಂಟಿಸಿದ್ದರೆ ಸಂಶಯ ಪಡಬೇಕು. ಬೆಲೆ ಇಳಿಸಲು ಹೊಸ ಚೀಟಿ ಅಂಟಿಸುವುದಕ್ಕೆ ನಿಯಮದಲ್ಲಿ ಅವಕಾಶವಿದೆ, ಆದರೆ ಅದು ಮೂಲ ಬೆಲೆಯನ್ನು ಮುಚ್ಚುವಂತಿಲ್ಲ. ತಯಾರಾದ ತಿಂಗಳು, ವರ್ಷ ಇದ್ದರೆ ಮಾಲಿನ ವಯಸ್ಸು ತಿಳಿಯುತ್ತದೆ. ದುರದೃಷ್ಟವಶಾತ್, ಪೊಟ್ಟಣವಿಲ್ಲದೆ ಬಿಡಿಯಾಗಿ ಮಾರುವ ಉಡುಪುಗಳಿಗೆ ಇದನ್ನು ನಮೂದಿಸುವ ಕಡ್ಡಾಯದಿಂದ 2022ರಲ್ಲಿ ವಿನಾಯಿತಿ ಕೊಡಲಾಯಿತು. ತಯಾರಕರ ಅಥವಾ ಮಾರಾಟಗಾರರ ಹೆಸರು ವಿಳಾಸ, ಅಳತೆ, ಎಂ.ಆರ್.ಪಿ., ದೂರಿಗೆ ಸಂಪರ್ಕ ಇವು ಮಾತ್ರ ಇರಲೇಬೇಕು. ಬೋಸ್ಟನ್ನಿನ ಫಿಲೀನ್ ಬರೆಯುತ್ತಿದ್ದ ದಿನಾಂಕವನ್ನೇ ಇಲ್ಲಿನ ನಿಯಮ ಬಿಟ್ಟುಕೊಟ್ಟಂತಾಯಿತು.

ಫಲಕದ ಅಂಕಗಣಿತವನ್ನೂ ಒಮ್ಮೆ ಬಿಡಿಸಿ ನೋಡುವುದು ಒಳಿತು. ‘ಶೇ. 50 + ಶೇ. 20’ ಎಂದರೆ ಶೇ. 70 ಅಲ್ಲ. ಸಾವಿರವು ಐನೂರಾಗಿ, ಆ ಐನೂರರಲ್ಲಿ ನೂರು ಇಳಿದು ನಾನೂರಾಗುತ್ತದೆ, ರಿಯಾಯಿತಿ ಶೇ. 60. ‘ಒಂದು ಕೊಂಡರೆ ಒಂದು ಉಚಿತ’ ಎನ್ನುವಲ್ಲಿ ಉಚಿತವಾಗುವುದು ಸಾಮಾನ್ಯವಾಗಿ ಕಡಿಮೆ ಬೆಲೆಯದು. 2,499ರ ಅಂಗಿಯೊಂದಿಗೆ 1,299ರ ಅಂಗಿ ಉಚಿತವಾದರೆ ರಿಯಾಯಿತಿ ಶೇ. 34ರಷ್ಟೇ, ಅದೂ ಎರಡನೆಯ ಅಂಗಿ ನಿಜಕ್ಕೂ ಬೇಕಾಗಿದ್ದರೆ.

ತೆರಿಗೆಯ ವಿಷಯದಲ್ಲಿ ಗ್ರಾಹಕರು ಗಟ್ಟಿಯಾಗಿ ನಿಲ್ಲಬಹುದು. 2,000 ಎಂ.ಆರ್.ಪಿ.ಯ ಮೇಲೆ ಶೇ. 40 ರಿಯಾಯಿತಿ ಎಂದು ಬರೆದರೆ ತೆರಬೇಕಾದ್ದು 1,200. ಅದರ ಮೇಲೆ ಮತ್ತೆ ಶೇ. 5 ತೆರಿಗೆ ಸೇರಿಸಿ 1,260 ಮಾಡಿದರೆ ರಿಯಾಯಿತಿ ಶೇ. 37ಕ್ಕೆ ಇಳಿಯುತ್ತದೆ. ಎಂ.ಆರ್.ಪಿ.ಯಲ್ಲಿ ತೆರಿಗೆ ಸೇರಿಯೇ ಇರುವುದರಿಂದ ರಿಯಾಯಿತಿ ಬೆಲೆಯ ಮೇಲೆ ಪ್ರತ್ಯೇಕ ತೆರಿಗೆ ವಿಧಿಸುವುದು ಅನುಚಿತ ವ್ಯಾಪಾರವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2017ರ ಜನವರಿಯಲ್ಲಿ ತೀರ್ಪಿತ್ತಿದೆ. ಅದು ವ್ಯಾಟ್ ಕಾಲದ ಪ್ರಕರಣವಾದರೂ ತರ್ಕ ಬದಲಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಶೇ. 5, ಅದಕ್ಕೂ ಮೇಲಿನದಕ್ಕೆ ಶೇ. 18 ಜಿ.ಎಸ್.ಟಿ. ನಿಗದಿಯಾಯಿತು. ಲೆಕ್ಕಕ್ಕೆ ಬರುವುದು ಮಾರಿದ ಬೆಲೆ. ಆದ್ದರಿಂದ 4,000 ಎಂದು ಅಚ್ಚಾದ ಪ್ಯಾಂಟು 2,000ಕ್ಕೆ ಮಾರಾಟವಾದರೆ ತೆರಿಗೆ ಕಡಿಮೆ ದರದಲ್ಲೇ ಆಗಬೇಕು.

‘ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಫಲಕ ಈ ಮಳಿಗೆಗಳಲ್ಲಿ ದೇವರ ಪಟದಷ್ಟೇ ಖಾಯಂ. ಅಳತೆ ಆಗಲಿಲ್ಲ, ಬಣ್ಣ ಒಪ್ಪಲಿಲ್ಲ ಎಂಬುದಕ್ಕೆ ಅಂಗಡಿಯವರು ಒಪ್ಪದಿರಬಹುದು. ದೋಷವಿರುವ ಮಾಲಿಗೆ ಆ ಮಾತು ನಡೆಯದು. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ ದೋಷಯುಕ್ತ ಸರಕನ್ನು ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು 2019ರ ಕಾಯ್ದೆಯಂತೆ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಹಾಗೆಯೇ. ಸೆಕೆಂಡ್ಸ್ ಎಂದು ಬಿಲ್ಲಿನಲ್ಲಿ ಬರೆದು ಮಾರಿದ್ದರೆ ಮಾತ್ರ, ಮೊದಲೇ ಹೇಳಿದ ದೋಷಕ್ಕೆ ಆಮೇಲೆ ದೂರುವುದು ಕಷ್ಟ. ಕೈಚೀಲಕ್ಕೆ ಮುನ್ಸೂಚನೆಯಿಲ್ಲದೆ ಹಣ ಕೀಳುವುದನ್ನೂ ರಾಷ್ಟ್ರೀಯ ಆಯೋಗ 2020ರ ಡಿಸೆಂಬರ್‌ನಲ್ಲಿ ತಪ್ಪೆಂದಿತು.

ಅಂಗಡಿಯವರು ಮಾತಿಗೆ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಬೇಕಾದ್ದು ಬಿಲ್ಲು ಮತ್ತು ಕತ್ತರಿಸದೆ ಇಟ್ಟುಕೊಂಡ ಬೆಲೆಯ ಚೀಟಿ. ಮನೆಗೆ ಬಂದ ಕೂಡಲೇ ಕಸದ ಬುಟ್ಟಿ ಸೇರುವುದು ಬಹುಮಟ್ಟಿಗೆ ಇವೆರಡೇ.